ಬೋಕಿ ಮೇಲೆ ಬರೆದಿದ್ದಕ್ಕೆ ಕ್ಷಮಿಸು

"ಕ್ಷಮಿಸು, ಸದ್ಯಕ್ಕೆ ಪಪೈರಸ್ ಸಿಗಲಿಲ್ಲ."

ಸುಮಾರು 1,400 ವರ್ಷದ ಹಿಂದೆ ಈಜಿಪ್ಟಿನ ಒಬ್ಬ ಸನ್ಯಾಸಿ ಒಡೆದ ಮಡಕೆಯ ಚೂರಿನ ಮೇಲೆ ಹೀಗೆ ಬರೆದ. ಅವನೊಬ್ಬನೇ ಅಲ್ಲ. ಅವನ ಅಕ್ಕಪಕ್ಕದ ಗುಡ್ಡಗಳಲ್ಲಿದ್ದ ಎಷ್ಟೋ ಜನ ತಮ್ಮ ಕಾಗದಗಳಲ್ಲಿ ಇದೇ ಮಾತನ್ನು ಬರೆದಿದ್ದಾರೆ. ನಾವು ಕೈಬರಹ ಚೆನ್ನಾಗಿಲ್ಲ, ತಪ್ಪು ತಿಳಿಯಬೇಡಿ ಅಂತ ಬರೆಯುತ್ತಿದ್ದೆವಲ್ಲ, ಹಾಗೆ. ಪಪೈರಸ್ ಅನ್ನೋ ಜೊಂಡಿನ ಒಳ್ಳೆಯ ಹಾಳೆಯಲ್ಲಿ ಬರೆಯಬೇಕಿತ್ತು, ಆಗಲಿಲ್ಲ, ಬೋಕಿ ಮೇಲೆ ಬರೆದು ಕಳಿಸುತ್ತಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂತ.

ಈ ಒಂದು ಸಾಲು ಓದಿದ ದಿನದಿಂದ ನನಗೆ ಈ ಬೋಕಿಗಳ ಹುಚ್ಚು ಹಿಡಿದಿದೆ. ವಿದ್ವಾಂಸರು ಇವುಗಳನ್ನು ಆಸ್ಟ್ರಕಾ ಅನ್ನುತ್ತಾರೆ. ಅದು ಗ್ರೀಕ್ ಮಾತು. ನಮ್ಮಲ್ಲಿ ಇದಕ್ಕೆ ಬೋಕಿ ಅನ್ನೋ ಒಳ್ಳೆಯ ಪದ ಇದೆ, ಕುಂಟೆಬಿಲ್ಲೆ ಆಡಿದವರಿಗೆಲ್ಲ ಗೊತ್ತು. ಹಾಗಾಗಿ ನಾನು ಬೋಕಿ ಅಂತಲೇ ಬರೆಯುತ್ತೇನೆ.

ನಾನು ಇಲ್ಲಿಗೆ ಬಂದ ದಾರಿ ಮಾತ್ರ ಕನ್ನಡದ್ದೇ. ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಸುದ್ದಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರು ಈಜಿಪ್ಟಿನ ಕಸದ ಗುಡ್ಡೆಗಳನ್ನು ಅಗೆದು ತೆಗೆದ ಪಪೈರಸ್ ಅದು. 1903ರಲ್ಲಿ ಅಚ್ಚಾಯಿತು. ಅದರಲ್ಲಿ ಗ್ರೀಕ್ ಅಲ್ಲದ ಒಂದಿಷ್ಟು ಮಾತುಗಳಿದ್ದವು. ಮಾರನೇ ವರ್ಷ ಜರ್ಮನ್ ವಿದ್ವಾಂಸ ಹುಲ್ಟ್ಶ್ ಅವು ಕನ್ನಡ ಇರಬಹುದು ಅಂದರು. ಆಮೇಲೆ ನಮ್ಮ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬಗ್ಗೆ ಬರೆದರು, ಆ ಚರ್ಚೆ ಇನ್ನೂ ನಿಂತಿಲ್ಲ. ಅದನ್ನು ಓದುತ್ತಾ ಕೂತಾಗ ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಬೇರೆ. ಕಸದ ಗುಡ್ಡೆ! ಯಾರೋ ಬೇಡ ಅಂತ ಎಸೆದದ್ದು ನಮ್ಮ ಕೈಗೆ ಬಂದಿದೆ, ಜೋಪಾನವಾಗಿ ಇಟ್ಟದ್ದರಲ್ಲಿ ಎಷ್ಟೋ ಹೋಗಿದೆ. ಅಲ್ಲಿಂದ ಈಜಿಪ್ಟಿನ ಕಸದಲ್ಲಿ ಇನ್ನೇನು ಸಿಕ್ಕಿದೆ ಅಂತ ಹುಡುಕುತ್ತಾ ಹೋಗಿ ಈ ಸನ್ಯಾಸಿಗಳ ಹತ್ತಿರ ಬಂದು ನಿಂತೆ.

ಜಾಗ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಲಕ್ಸರ್ ಊರಿನ ಎದುರಿಗೆ, ನೈಲ್ ನದಿಯ ಪಶ್ಚಿಮ ದಡದಲ್ಲಿ ಬೋಳು ಗುಡ್ಡಗಳ ಸಾಲು ಇದೆ. ಹಳೇ ಥೀಬ್ಸ್. ಫೇರೋಗಳ ಕಾಲದಲ್ಲಿ ಮಂತ್ರಿಗಳು, ಅಧಿಕಾರಿಗಳು ಅಲ್ಲಿ ಬಂಡೆ ಕೊರೆದು ತಮ್ಮ ಗೋರಿಗಳನ್ನು ಮಾಡಿಸಿಕೊಂಡಿದ್ದರು. ಕ್ರಿಸ್ತಶಕ ಆರು, ಏಳು, ಎಂಟನೇ ಶತಮಾನದ ಹೊತ್ತಿಗೆ ಆ ಗೋರಿಗಳಲ್ಲಿ ಕ್ರೈಸ್ತ ಸನ್ಯಾಸಿಗಳು ಸಂಸಾರ ಹೂಡಿದ್ದರು. ಸಂಸಾರ ಅನ್ನೋ ಮಾತು ಬೇಕಂತಲೇ ಬಳಸಿದ್ದೇನೆ, ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ. ಗುಡ್ಡದ ಕೆಳಗೆ ಜೇಮೆ ಅನ್ನೋ ಊರು. ಮೂರನೇ ರಾಮ್‌ಸೆಸ್ ಕಟ್ಟಿಸಿದ ದೊಡ್ಡ ದೇವಸ್ಥಾನದ ಪ್ರಾಕಾರದ ಒಳಗೂ ಹೊರಗೂ ಇಟ್ಟಿಗೆ ಮನೆಗಳು ಎದ್ದು ಅದೇ ಒಂದು ಊರಾಗಿತ್ತು. ಈಗಿನ ಮದೀನತ್ ಹಾಬು. ಮೇಲೆ ಸನ್ಯಾಸಿಗಳು, ಕೆಳಗೆ ಊರಿನವರು. ನಡುವೆ ದಿನವೂ ಬೋಕಿಗಳ ಓಡಾಟ.

ಭಾಷೆ ಕಾಪ್ಟಿಕ್. ಫೇರೋಗಳ ಕಾಲದ ಈಜಿಪ್ಟ್ ಭಾಷೆಯದೇ ಕೊನೆಯ ರೂಪ. ಲಿಪಿ ಮಾತ್ರ ಗ್ರೀಕ್, ಗ್ರೀಕಿನಲ್ಲಿ ಇಲ್ಲದ ಉಚ್ಚಾರಕ್ಕೆ ಹಳೇ ಈಜಿಪ್ಟ್ ಬರವಣಿಗೆಯಿಂದ ಐದಾರು ಅಕ್ಷರ ಸೇರಿಸಿಕೊಂಡಿದ್ದಾರೆ. ದೊಡ್ಡ ಸನ್ಯಾಸಿಗಳನ್ನು ಅವರು ಕರೆಯುತ್ತಿದ್ದದ್ದು ಅಪಾ ಅಂತ. ಸನ್ಯಾಸಿನಿಯರಿಗೆ ಅಮಾ. ನಮ್ಮ ಮಾತಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ನಿಜ. ಆದರೂ ಉತ್ತರ ಕರ್ನಾಟಕದ ಕಡೆ ಮಠದ ಸ್ವಾಮಿಗಳನ್ನು ಅಪ್ಪಾವರು ಅನ್ನೋದನ್ನು ಕೇಳಿ ಬೆಳೆದ ನನಗೆ ಅಪಾ ಅಬ್ರಹಾಂ ಅನ್ನೋ ಹೆಸರು ಮೊದಲ ಸಲ ಕಂಡಾಗ ಓದುವುದು ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ.

ಬೋಕಿ ಹೇಗಿರುತ್ತದೆ? ಮ್ಯೂಸಿಯಂಗಳು ಹಾಕಿರುವ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ಎಲ್ಲಾ ಕಾಣುತ್ತದೆ. ನೈಲ್ ಮಣ್ಣಿನ ಕಂದು ಬಣ್ಣದ ದ್ರಾಕ್ಷಾರಸದ ಜಾಡಿಯ ಚೂರುಗಳು ತುಂಬಾ. ಜಾಡಿಯ ಮೈಮೇಲೆ ಸುತ್ತಲೂ ಏಣು ಏಣು, ಕುಂಬಾರನ ಬೆರಳು ಹರಿದಾಡಿದ ಗೆರೆ. ರಸ ಸೋರದಿರಲಿ ಅಂತ ಒಳಗೆ ರಾಳ ಬಳಿದಿರುತ್ತಿದ್ದರು, ಹಾಗಾಗಿ ಒಳಮೈ ಕಪ್ಪು, ಬರೆಯೋದು ಹೆಚ್ಚಾಗಿ ಹೊರಮೈ ಮೇಲೆ. ಮೊದಲು ಒಂದು ಶಿಲುಬೆ ಗುರುತು, ಅಲ್ಲಿಂದ ಸಾಲು ಶುರು. ಲೇಖನಿಯನ್ನು ಮಸಿಯಲ್ಲಿ ಅದ್ದಿದ ಹೊಸದರಲ್ಲಿ ಅಕ್ಷರ ಕಪ್ಪಗೆ, ಆಮೇಲಾಮೇಲೆ ತೆಳ್ಳಗೆ, ಮತ್ತೆ ಅದ್ದಿದಾಗ ಮತ್ತೆ ಕಪ್ಪಗೆ. ಜಾಗ ಸಾಲದೆ ಹೋದರೆ ಕೊನೆಯ ಪದಗಳನ್ನು ಅಂಚಿನಲ್ಲಿ ಹಿಂಡಿ ಹಿಂಡಿ ಬರೆದು, ಆಮೇಲೆ ಚೂರನ್ನು ತಿರುಗಿಸಿ ಹಿಂಬದಿಯಲ್ಲಿ ಮುಗಿಸಿದ್ದಾರೆ.

ಇನ್ನೊಂದು ಬಗೆ ಕಲ್ಲಿನದು. ಥೀಬ್ಸ್ ಗುಡ್ಡ ಅಂದರೆ ಸುಣ್ಣಕಲ್ಲು. ಗೋರಿ ಕೊರೆದಾಗ ಎದ್ದ ಚಕ್ಕೆಗಳು ಎಲ್ಲಿ ನೋಡಿದರೂ ಬಿದ್ದಿರುತ್ತವೆ. ಬೆಳ್ಳಗೆ, ನಯವಾಗಿ, ಅಂಗೈ ಅಗಲ. ಪಪೈರಸ್‌ಗೆ ದುಡ್ಡು ಕೊಡಬೇಕು. ಬೋಕಿ, ಕಲ್ಲುಚಕ್ಕೆಗೆ ಬಗ್ಗಿ ಎತ್ತಿಕೊಂಡರೆ ಆಯ್ತು.

ನಾನೂ ಒಂದು ಸಲ ಬರೆದು ನೋಡಿದೆ. ಮನೆ ಹಿತ್ತಲಲ್ಲಿ ಒಡೆದ ನೀರಿನ ಮಡಕೆ ಬಿದ್ದಿತ್ತು. ದೀಪದ ಮಸಿಯನ್ನು ಜಾಲಿ ಗೋಂದಿನ ನೀರಿನಲ್ಲಿ ಕಲಸಿದೆ, ಅವರ ಮಸಿಯೂ ಹೆಚ್ಚುಕಮ್ಮಿ ಇದೇ. ಜೊಂಡು ಸಿಗಲಿಲ್ಲ, ಬಿದಿರ ಕಡ್ಡಿ ಚೂಪು ಮಾಡಿಕೊಂಡೆ. ಚೂರನ್ನು ಎಡಗೈಯಲ್ಲಿ ಹಿಡಿದು ಬರೆಯಬೇಕು, ಯಾಕೆಂದರೆ ಅದು ಬಾಗಿರುತ್ತದೆ, ಮೇಜಿನ ಮೇಲೆ ಇಟ್ಟರೆ ತೊಟ್ಟಿಲ ಹಾಗೆ ತೂಗುತ್ತದೆ. ಒಂದೇ ಸಾಲು ಬರೆಯೋಕೆ ನಾಲ್ಕು ಸಲ ಅದ್ದಬೇಕಾಯ್ತು. ಮಡಕೆಯ ಮೈ ಮಸಿಯನ್ನು ಕುಡಿದುಬಿಡುತ್ತದೆ. ಏಣು ಬಂದ ಕಡೆ ಕಡ್ಡಿ ಹಾರುತ್ತದೆ. ನಾಲ್ಕೇ ಸಾಲಿಗೆ ಚೂರು ತುಂಬಿತು. ಆಗ ಒಂದು ವಿಷಯ ಅರ್ಥವಾಯ್ತು, ಓದಿ ಮಾತ್ರ ಅರ್ಥವಾಗುತ್ತಿರಲಿಲ್ಲ: ಬೋಕಿ ಮೇಲೆ ಯಾರೂ ಸುಮ್ಮನೆ ಹೊತ್ತು ಕಳೆಯೋಕೆ ಬರೆಯೋದಿಲ್ಲ. ಏನೋ ಬೇಕಾಗಿರುತ್ತದೆ, ಅದನ್ನು ಕೇಳಿ ಮುಗಿಸುತ್ತಾರೆ.

ಏನು ಬೇಕಾಗಿತ್ತು ಅವರಿಗೆ? ಗೋಧಿ, ಎಣ್ಣೆ, ಉಪ್ಪು, ಖರ್ಜೂರ, ಹಗ್ಗ, ಪುಸ್ತಕ. ಕಾಯಿಲೆ ಬಿದ್ದವನಿಗೆ ಪ್ರಾರ್ಥನೆ. ಒಂಟೆಯವನು ಇನ್ನೂ ಯಾಕೆ ಬಂದಿಲ್ಲ ಅನ್ನೋ ವಿಚಾರ. ಕೇಳುವಾಗ ಅವರು ಬಳಸುವ ಮಾತು ತುಂಬಾ ಚೆಂದ. ಕಾಪ್ಟಿಕ್‌ನಲ್ಲಿ ದಯವಿಟ್ಟು ಅನ್ನೋ ಕಡೆ "ಅರಿ ತಗಾಪೆ" ಅಂತ ಬರುತ್ತದೆ, ಅಕ್ಷರಕ್ಕೆ ಅಕ್ಷರ ಹಿಡಿದರೆ "ಪ್ರೀತಿ ಮಾಡು" ಅಂತ. ಪ್ರೀತಿ ಮಾಡಿ ಒಂದಿಷ್ಟು ಗೋಧಿ ಕಳಿಸು. ಕಾಗದದ ಶುರುವಿನಲ್ಲಿ ದೊಡ್ಡವರಿಗಾದರೆ "ನಿಮ್ಮ ಪಾದಪೀಠಕ್ಕೆ ನಮಸ್ಕಾರ", ಕೊನೆಯಲ್ಲಿ "ಪ್ರಭುವಿನಲ್ಲಿ ಕ್ಷೇಮವಾಗಿರು". ಆಮೇಲೆ ಹೊರವಿಳಾಸ: ಇಂಥವರಿಗೆ ಕೊಡು, ಇಂಥವರಿಂದ. ಬರೆದವನು ತನ್ನ ಹೆಸರಿನ ಮುಂದೆ "ಅಲ್ಪನಾದ", "ಪಾಪಿಯಾದ" ಅಂತ ಸೇರಿಸಿಕೊಳ್ಳುತ್ತಾನೆ.

ಈ ಜಗತ್ತು ಸರಿಯಾಗಿ ಬೆಳಕಿಗೆ ಬಂದದ್ದು 1912ರಿಂದ 1914ರ ನಡುವೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಪರವಾಗಿ ಹರ್ಬರ್ಟ್ ವಿನ್‌ಲಾಕ್ ಅಲ್ಲಿ ಅಗೆತ ಮಾಡಿಸಿದರು. ಶೇಖ್ ಅಬ್ದ್ ಎಲ್-ಕುರ್ನಾ ಅನ್ನೋ ಗುಡ್ಡದ ಇಳಿಜಾರಿನಲ್ಲಿ ದಾಗಾ ಅನ್ನೋ ಹಳೇ ಮಂತ್ರಿಯ ಗೋರಿ. ಅದನ್ನೇ ನಡು ಮಾಡಿಕೊಂಡು ಎಪಿಫೇನಿಯಸ್ ಅನ್ನೋ ಸನ್ಯಾಸಿಯ ಮಠ ಬೆಳೆದಿತ್ತು. ಎಪಿಫೇನಿಯಸ್ ಕಾಲಕ್ಕೇ ಆ ಗೋರಿಗೆ 2,500 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿತ್ತು! ಇಟ್ಟಿಗೆ ಗೋಪುರ ಸಿಕ್ಕಿತು. ನೆಲದಲ್ಲಿ ಮಗ್ಗದ ಗುಂಡಿಗಳು ಸಿಕ್ಕವು, ನೇಯುವವನು ಕಾಲು ಇಳಿಬಿಟ್ಟು ಕೂರೋ ಗುಂಡಿ ಮಗ್ಗ. ಬುಟ್ಟಿ, ಹಗ್ಗ, ಚರ್ಮದ ಚೂರು ಸಿಕ್ಕವು. ತಿಪ್ಪೆಯಲ್ಲಿ ನೂರಾರು ಬೋಕಿ, ಕಲ್ಲುಚಕ್ಕೆ ಸಿಕ್ಕವು. ಆ ಬರಹಗಳನ್ನು ಓದಿದವರು ವಾಲ್ಟರ್ ಕ್ರಮ್. 1926ರಲ್ಲಿ ಎಲ್ಲಾ ಸೇರಿ ಎರಡು ಸಂಪುಟವಾಗಿ ಹೊರಬಂತು.

ಕ್ರಮ್ ಬಗ್ಗೆ ನನಗೆ ವಿಶೇಷ ಗೌರವ. ಅವರು ಅದಕ್ಕೂ ಮೊದಲೇ, 1902ರಲ್ಲಿ, ಕಾಪ್ಟಿಕ್ ಬೋಕಿಗಳದೇ ಒಂದು ಸಂಗ್ರಹ ತಂದಿದ್ದರು. ಫೇರೋಗಳ ಚಿನ್ನದ ಹಿಂದೆ ಎಲ್ಲರೂ ಬಿದ್ದಿದ್ದ ಕಾಲ ಅದು. ಆ ಮನುಷ್ಯ ಮಾಸಿದ ಮಸಿಯ ಮುಂದೆ ವರ್ಷಗಟ್ಟಲೆ ಕೂತರು. 1939ರಲ್ಲಿ ಮುಗಿದ ಅವರ ಕಾಪ್ಟಿಕ್ ನಿಘಂಟನ್ನು ಇವತ್ತಿಗೂ ಆ ಭಾಷೆ ಕಲಿಯುವವರು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಬೈಬಲ್ಲಿನ ಕಾಪ್ಟಿಕ್ ಅನುವಾದದಲ್ಲಿ ಸ್ವರ್ಗ, ಪಾಪ, ಕೃಪೆ ಸಿಗುತ್ತವೆ. ಪಾತ್ರೆ, ದಾರ, ಮೊಳೆ, ಅಳತೆಯ ಸೇರು ಬೇಕೆಂದರೆ ಬೋಕಿಗೇ ಬರಬೇಕು.

ಎಪಿಫೇನಿಯಸ್‌ಗೆ ಬಂದ ಕಾಗದಗಳನ್ನು ಒಟ್ಟಿಗೆ ಓದಿದರೆ ನಾನು ಹಿಂದೆ ಅಂದುಕೊಂಡಿದ್ದ ಮರಳುಗಾಡಿನ ಸನ್ಯಾಸಿ ಅಲ್ಲಿ ಸಿಗೋದೇ ಇಲ್ಲ. ಒಬ್ಬನೇ ಗುಹೆಯಲ್ಲಿ ಕೂತು, ಯಾರ ಮುಖವೂ ನೋಡದೆ, ಮೌನವಾಗಿ ಇರುವವನು, ಹಾಗಂತ ನಾವು ಕೇಳಿದ್ದೇವಲ್ಲ. ಇಲ್ಲಿ ನೋಡಿದರೆ ಊರಿನವರು ಬರೆಯುತ್ತಿದ್ದಾರೆ, ಅಧಿಕಾರಿಗಳ ಹತ್ತಿರ ನಮ್ಮ ಪರವಾಗಿ ಒಂದು ಮಾತು ಹೇಳಿ ಅಂತ. ಕಾಯಿಲೆಯವರು ಬರೆಯುತ್ತಿದ್ದಾರೆ. ಬಿಷಪ್ಪರು ಬರೆಯುತ್ತಿದ್ದಾರೆ. 619ರಿಂದ 629ರ ತನಕ ಪರ್ಷಿಯನ್ನರು ಈಜಿಪ್ಟನ್ನು ಹಿಡಿದಿದ್ದರು, ಆ ಕಷ್ಟದ ನೆರಳೂ ಈ ಸುತ್ತಿನ ಬರಹಗಳ ಮೇಲೆ ಬಿದ್ದಿದೆ. ಜೇಮೆಯ ಒಬ್ಬ ವಿಧವೆ ಬಿಷಪ್ ಪಿಸೆಂಥಿಯಸ್‌ಗೆ ಮೊರೆಯಿಟ್ಟು ಬರೆಸಿದ ಕಾಗದ ಉಳಿದಿದೆ, ಪರ್ಷಿಯನ್ನರು ಬಂದು ತನ್ನ ಮನೆ ಹಾಳಾದದ್ದನ್ನು ಹೇಳಿಕೊಂಡಿದ್ದಾಳೆ. ರಾಜರ ಇತಿಹಾಸದಲ್ಲಿ ಆ ದಾಳಿಗೆ ನಾಲ್ಕು ಸಾಲು ಸಿಗುತ್ತದೆ, ಅವಳ ಮನೆಗೆ ಜಾಗವೇ ಇಲ್ಲ.

ಕಲಿಕೆಯ ಗುರುತೂ ಅಲ್ಲಿದೆ. ಅಕ್ಷರ ತಿದ್ದಿದ ಚಕ್ಕೆಗಳು. ಗ್ರೀಕ್ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ನಾಟಕಕಾರ ಮೆನಾಂಡರನ ಸೂಕ್ತಿಗಳು. ಹೋಮರನ ಇಲಿಯಡ್‌ನ ಸಾಲುಗಳೂ! ಬೆಟ್ಟದ ಮೇಲೆ, ಈಜಿಪ್ಟ್ ಮಂತ್ರಿಯ ಗೋರಿಯಲ್ಲಿ, ಕ್ರೈಸ್ತ ಸನ್ಯಾಸಿ, ಹೋಮರನ ಸಾಲನ್ನು ಕಲ್ಲುಚಕ್ಕೆಯ ಮೇಲೆ ತಿದ್ದುತ್ತಿದ್ದಾನೆ. ಗೋರಿಯ ಗೋಡೆಗಳ ಮೇಲೆ ಮಾತ್ರ ಬರೆದದ್ದು ಗಂಭೀರವಾದ ಧರ್ಮದ ಮಾತು: ಅಲೆಕ್ಸಾಂಡ್ರಿಯಾದ ಸಿರಿಲ್‌ನ ಹನ್ನೆರಡು ಶಾಪವಾಕ್ಯಗಳು, ಅಲ್ಲಿನದೇ ಪೇಟ್ರಿಯಾರ್ಕ್, ಅಂದರೆ ಈಜಿಪ್ಟಿನ ಚರ್ಚಿಗೇ ಹಿರಿಯ, ದಾಮಿಯಾನ್ ಬರೆದ ಪತ್ರ. ಗೋಡೆಗೆ ಒಂದು ಮರ್ಯಾದೆ, ಬೋಕಿಗೆ ಇನ್ನೊಂದು.

ಈಗ ಅಪಾ ಅಬ್ರಹಾಂ ವಿಷಯಕ್ಕೆ ಬರುತ್ತೇನೆ, ನನಗೆ ತೀರಾ ಇಷ್ಟದ ಭಾಗ ಇದು.

ರಾಣಿ ಹತ್‌ಶೆಪ್ಸುತ್‌ಳ ದೇವಸ್ಥಾನ ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ, ಬಂಡೆಯ ಬುಡದಲ್ಲಿ ಮೂರು ಹಂತದ ಉದ್ದ ಕಂಬಸಾಲು. ಆ ಜಾಗದ ಹೆಸರು ದೇರ್ ಎಲ್-ಬಹ್ರಿ. ಅರಬ್ಬಿಯಲ್ಲಿ ಅದರ ಅರ್ಥ ಉತ್ತರದ ಮಠ! ದಿನಾ ಸಾವಿರಾರು ಜನ ಹೋಗಿ ಬರುವ ಜಾಗ, ಹೆಸರಲ್ಲೇ ಮಠ ಇದೆ, ಮಠ ಮಾತ್ರ ಈಗ ಇಲ್ಲ. ಸಂತ ಫೊಯ್ಬಮ್ಮೊನ್ ಹೆಸರಿನ ಆ ಮಠ ಆರನೇ ಶತಮಾನದ ಕೊನೆಯಲ್ಲಿ ದೇವಸ್ಥಾನದ ಮೇಲಿನ ಹಂತದ ಮೇಲೆ ಎದ್ದಿತು. ಕಟ್ಟಿಸಿದ್ದು ಅಬ್ರಹಾಂ. ಅವರು ಅರ್ಮಂತ್ ಊರಿನ ಬಿಷಪ್ಪರೂ ಹೌದು, ಮಠದ ಹಿರಿಯರೂ ಹೌದು. ಮಠದಲ್ಲೇ ಕೂತು ಇಡೀ ಸೀಮೆಯ ಚರ್ಚುಗಳ ವ್ಯವಹಾರವನ್ನು ಬೋಕಿ ಮತ್ತು ಕಲ್ಲುಚಕ್ಕೆಗಳ ಮೇಲೆ ನಡೆಸಿದರು.

ಮೂರು ಜನ ಅವರಿಗೆ ಬರೆದುಕೊಟ್ಟ ಮುಚ್ಚಳಿಕೆಯೊಂದಿದೆ. ನಮ್ಮನ್ನು ಡೀಕನ್, ಅಂದರೆ ಚರ್ಚಿನಲ್ಲಿ ಪಾದ್ರಿಯ ಸಹಾಯಕ, ಮಾಡಿ ಅಂತ ಕೇಳಿಕೊಂಡವರು. ಅವರು ಒಪ್ಪಿಕೊಂಡದ್ದು ನೋಡಿ: ನಿಯಮ ಪಾಲಿಸುತ್ತೇವೆ, ಹಿರಿಯರ ಮಾತು ಕೇಳುತ್ತೇವೆ, ಪ್ರಸಾದದ ದಿನಗಳಲ್ಲಿ ಹಾಸಿಗೆಯ ವಿಷಯದಲ್ಲಿ ಶುದ್ಧವಾಗಿರುತ್ತೇವೆ, ವ್ಯಾಪಾರ ಮಾಡುವುದಿಲ್ಲ, ಬಡ್ಡಿ ತೆಗೆದುಕೊಳ್ಳುವುದಿಲ್ಲ, ಕೇಳದೆ ಊರು ಬಿಟ್ಟು ಹೋಗುವುದಿಲ್ಲ. ಅದರ ಜೊತೆಗೆ, ಯೋಹಾನನ ಸುವಾರ್ತೆಯನ್ನು ಪೆಂತೆಕೋಸ್ತ್ ಹಬ್ಬ ಮುಗಿಯುವುದರೊಳಗೆ ಪೂರ್ತಿ ಬಾಯಿಪಾಠ ಮಾಡುತ್ತೇವೆ, ಮಾಡದಿದ್ದರೆ ನಮಗೆ ದೀಕ್ಷೆ ಇಲ್ಲ. ಇಡೀ ಸುವಾರ್ತೆ, ಇಪ್ಪತ್ತೊಂದು ಅಧ್ಯಾಯ. ಇದನ್ನು ಓದಿದಾಗ ಆ ಮೂವರು ಹೊಲದ ಬದುವಿನಲ್ಲಿ, ಮಗ್ಗದ ಮುಂದೆ ಗುನುಗುತ್ತಾ ಇದ್ದದ್ದು ನನ್ನ ಕಿವಿಗೇ ಬಿದ್ದ ಹಾಗಾಯ್ತು. ಚರ್ಚಿನ ಕಾನೂನಿನ ಪುಸ್ತಕಗಳಲ್ಲಿ ಡೀಕನ್ ಹೇಗಿರಬೇಕು ಅಂತ ಬರೆದಿರುತ್ತದೆ. ಹೇಗೆ ಮಾಡುತ್ತಿದ್ದರು ಅಂತ ತೋರಿಸೋದು ಈ ಅಂಗೈ ಅಗಲದ ಚೂರು.

ಇನ್ನೊಂದರಲ್ಲಿ ಅಬ್ರಹಾಂ ಸಿಟ್ಟಿನಲ್ಲಿದ್ದಾರೆ. ಒಬ್ಬ ಬಡವರಿಗೆ ಕಾಟ ಕೊಡುತ್ತಿದ್ದಾನೆ ಅಂತ ಅವರಿಗೆ ಸುದ್ದಿ ಬಂದಿದೆ. ನೆರೆಯವನಿಗೆ ಅನ್ಯಾಯ ಮಾಡುವವನು ತನ್ನ ಪ್ರಭುವಿನ ಜೊತೆ ಊಟಕ್ಕೆ ಕೂತು ಎದ್ದುಹೋಗಿ ಹಿಡಿದುಕೊಟ್ಟ ಯೂದನ ಹಾಗೆ, ತಮ್ಮನನ್ನು ಕೊಂದ ಕಾಯಿನನ ಹಾಗೆ ಅಂತ ಒಂದರ ಮೇಲೊಂದು ಹೇಳುತ್ತಾ ಹೋಗುತ್ತಾರೆ. ಇದೇ ಅಬ್ರಹಾಂ ಅವರ ಮುಖ ಕೂಡ ನಮಗೆ ಗೊತ್ತು: ಮರದ ಹಲಗೆಯ ಮೇಲೆ ಬರೆದ ಚಿತ್ರವೊಂದು ಬರ್ಲಿನ್‌ನಲ್ಲಿದೆ. ಬಿಳಿ ಗಡ್ಡ, ದೊಡ್ಡ ಕಣ್ಣು, ಕೈಯಲ್ಲಿ ಪುಸ್ತಕ. ಅವರ ಮರಣಶಾಸನ ಗ್ರೀಕ್ ಭಾಷೆಯಲ್ಲಿ ಪಪೈರಸ್ ಮೇಲೆ ಬರೆದದ್ದು, ಲಂಡನ್ನಿನಲ್ಲಿದೆ. ಅವರಿಗೆ ಗ್ರೀಕ್ ಬರುತ್ತಿರಲಿಲ್ಲ, ಈಜಿಪ್ಟಿನ ಮಾತಿನಲ್ಲಿ ಬಿಡಿಸಿ ಹೇಳಿದ ಮೇಲೆ ಒಪ್ಪಿದರು ಅನ್ನೋದೂ ಅದರಲ್ಲೇ ಇದೆ. ಕೋರ್ಟಿನ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ಬೋಕಿಗಳು ಮನೆಯ ಭಾಷೆಯಲ್ಲಿವೆ.

ಅಬ್ರಹಾಂ ತೀರಿಕೊಂಡು ನೂರು ವರ್ಷದ ಮೇಲೆ, ಅರಬರ ಆಳ್ವಿಕೆಯಲ್ಲಿ, ಎಪಿಫೇನಿಯಸ್ ಇದ್ದ ಗುಡ್ಡದಲ್ಲೇ ಇನ್ನೊಂದು ಗೋರಿಯಲ್ಲಿ ಫ್ರಂಗೆ ಅನ್ನೋ ಸನ್ಯಾಸಿ ಇದ್ದ. ಎಂಟನೇ ಶತಮಾನದ ಮೊದಲ ಅರ್ಧ. ಗೋರಿ ಅಮೆನೆಮೊಪೆ ಅನ್ನೋ ಮಂತ್ರಿಯದು, ವಿದ್ವಾಂಸರ ಲೆಕ್ಕದಲ್ಲಿ 29ನೇ ನಂಬರ್. ಬೆಲ್ಜಿಯಂನವರು ಅಲ್ಲಿ ಅಗೆದಾಗ ರಾಶಿ ರಾಶಿ ಬೋಕಿ ಬಂದವು. ಆನ್ ಬುದೋರ್ ಮತ್ತು ಶಾಂತಾಲ್ ಅರ್ತೆಲ್ ಅನ್ನೋ ಇಬ್ಬರು ಹೆಂಗಸರು ವರ್ಷಗಟ್ಟಲೆ ಓದಿ 2010ರಲ್ಲಿ ಪ್ರಕಟಿಸಿದರು. ಅದರಲ್ಲಿ ನೂರಾರು ಫ್ರಂಗೆಯ ಕೈಬರಹದವೇ. ಅಷ್ಟು ಹಳೇ ಕಾಲದ ಒಬ್ಬ ಸಾಮಾನ್ಯ ಮನುಷ್ಯನ ಕೈಬರಹ ಇಷ್ಟು ರಾಶಿಯಾಗಿ ಸಿಗೋದು ಅಂದರೆ ಸಣ್ಣ ಮಾತಲ್ಲ.

ಫ್ರಂಗೆ ನೇಕಾರ. ಪುಸ್ತಕ ಕಟ್ಟುವವನು ಕೂಡ. ಅವನು ನೇಯುತ್ತಿದ್ದದ್ದರಲ್ಲಿ ಹೆಣಕ್ಕೆ ಸುತ್ತುವ ನಾರುಬಟ್ಟೆಯ ಪಟ್ಟಿಗಳೂ ಇದ್ದವು. ಎಪಿಫೇನಿಯಸ್ ಮಠದ ಸ್ಮಶಾನದಲ್ಲಿ ಸಿಕ್ಕ ದೇಹಗಳೂ ಹೀಗೇ ಬಟ್ಟೆ ಸುತ್ತಿ, ಪಟ್ಟಿ ಬಿಗಿದು, ಒಳಗೆ ಉಪ್ಪು ಮತ್ತು ಜುನಿಪರ್ ಹಣ್ಣು ಹಾಕಿದ್ದವು. ಅಂದರೆ ಗುಡ್ಡದ ಮೇಲಿನ ಸನ್ಯಾಸಿ ಗೋರಿಯಲ್ಲಿ ಕೂತು ಕೆಳಗಿನ ಊರಿಗೆ ಸಾವಿನ ಬಟ್ಟೆ ನೇಯುತ್ತಿದ್ದ. ನೂಲು, ಬಟ್ಟೆ, ಕಾಳು, ಪುಸ್ತಕ, ಎಲ್ಲದಕ್ಕೂ ಅವನ ಹತ್ತಿರ ಬೋಕಿ. ಹೆಂಗಸರಿಗೂ ಬರೆಯುತ್ತಾನೆ, ಅವರಿಂದ ಸಾಮಾನು ತರಿಸುತ್ತಾನೆ, ಅವರಿಗೆ ಆಶೀರ್ವಾದ ಕಳಿಸುತ್ತಾನೆ. ಬಂದು ನೋಡಲಿಲ್ಲ ಅಂತ ಬೇಜಾರಾಗಿ ಬರೆಯುತ್ತಾನೆ. ಅದಕ್ಕೇ ನಾನು ಮೊದಲು ಸಂಸಾರ ಅಂದದ್ದು. ಹೆಂಡತಿ ಮಕ್ಕಳು ಇಲ್ಲ ಅನ್ನೋದು ಬಿಟ್ಟರೆ ಕೊಡುವುದು, ತರುವುದು, ಮುನಿಸು, ವಿಚಾರಿಸಿಕೊಳ್ಳುವುದು, ಎಲ್ಲಾ ಇದೆ. ಇದರಿಂದ ಅವನ ಸನ್ಯಾಸ ಕಮ್ಮಿಯಾಯ್ತು ಅಂತ ನನಗೆ ಅನ್ನಿಸೋದಿಲ್ಲ. ಒಂದು ಸೀಮೆಯ ಜನ ಒಬ್ಬನನ್ನು ನಂಬಿ ಗುಡ್ಡ ಹತ್ತುತ್ತಿದ್ದರು, ಅವನೂ ಅವರನ್ನು ಬಿಟ್ಟಿರಲಿಲ್ಲ. ಜನರಿಂದ ದೂರ ಹೋದವರು ಅಂತ ನಾವು ಅಂದುಕೊಂಡವರು ಸ್ವಲ್ಪವೇ ದೂರ ಹೋಗಿದ್ದರು, ಕೂಗಿದರೆ ಕೇಳುವಷ್ಟು.

ಕಲ್ಲಿನ ಬಗ್ಗೆಯೂ ಹೇಳಬೇಕು. ಕೈರೋ ಹತ್ತಿರದ ಸಕ್ಕಾರಾದಲ್ಲಿ ಅಪಾ ಜೆರೆಮಿಯಾಸ್ ಹೆಸರಿನ ದೊಡ್ಡ ಮಠ ಇತ್ತು. ಜೇಮ್ಸ್ ಕ್ವಿಬೆಲ್ 1906ರಿಂದ 1910ರ ತನಕ ಅದನ್ನು ಅಗೆಸಿದರು. ಅಲ್ಲಿನ ಕಲ್ಲುಗಳು ಬಹಳಷ್ಟು ಈಗ ಕೈರೋದ ಕಾಪ್ಟಿಕ್ ಮ್ಯೂಸಿಯಂನಲ್ಲಿವೆ. ಸತ್ತವರ ಕಲ್ಲುಗಳಲ್ಲಿ ಒಂದು ಪಟ್ಟಿ ಮತ್ತೆ ಮತ್ತೆ ಬರುತ್ತದೆ: ತಂದೆ, ಮಗ, ಪವಿತ್ರಾತ್ಮ, ಅಪಾ ಜೆರೆಮಿಯಾಸ್, ಅಪಾ ಎನೋಖ್, ಅಮಾ ಸಿಬಿಲ್ಲಾ. ಆಮೇಲೆ ತೀರಿಕೊಂಡವನ ಹೆಸರು. ಸತ್ತ ಅಂತ ಬರೆಯೋದಿಲ್ಲ, ವಿಶ್ರಾಂತಿಗೆ ಹೋದ ಅನ್ನುತ್ತಾರೆ. ತಿಂಗಳು ಬರೆಯುತ್ತಾರೆ, ದಿನ ಬರೆಯುತ್ತಾರೆ. ವರ್ಷಕ್ಕೆ ಮಾತ್ರ ಬಹಳ ಕಡೆ ಇಂಡಿಕ್ಷನ್ ಲೆಕ್ಕ, ಹದಿನೈದು ವರ್ಷದ ಸುತ್ತು. ನಮ್ಮ ಸಂವತ್ಸರದ ಹಾಗೆ, ಯಾವ ಸುತ್ತು ಅಂತ ಹೇಳದಿದ್ದರೆ ಹಿಂದಿನದೋ ಮುಂದಿನದೋ ತಿಳಿಯೋದಿಲ್ಲ. ಬೋಕಿಗಳಲ್ಲೂ ಅಷ್ಟೇ. ಪ್ರಭವ ಸಂವತ್ಸರದಲ್ಲಿ ಹುಟ್ಟಿದೆ ಅಂತ ಅಜ್ಜಿ ಹೇಳಿದರೆ ನಾವು ಅಜ್ಜಿ ಮುಖ ನೋಡಿ ಲೆಕ್ಕ ಹಾಕುತ್ತೇವೆ. ಬೋಕಿ ಓದುವವರು ಕೈಬರಹ ನೋಡಿ, ಹೆಸರು ನೋಡಿ, ಜೊತೆಗೆ ಸಿಕ್ಕ ಮಡಕೆ ನೋಡಿ ಲೆಕ್ಕ ಹಾಕುತ್ತಾರೆ.

ಥೀಬ್ಸ್ ಕಡೆಯ ಕಲ್ಲುಗಳಲ್ಲಿ ನನಗೆ ಒಂದರ ಮೇಲೆ ಪ್ರಾಣ. ಸುಣ್ಣಕಲ್ಲಿನ ಹಲಗೆ, ಅಪಾ ಎಲಿಯಾಸ್ ಮಠದ ಪುಸ್ತಕಗಳ ಪಟ್ಟಿ. ಸುಮಾರು 80 ಪುಸ್ತಕ. ಯಾವುದು ಪಪೈರಸ್‌ನದು, ಯಾವುದು ಚರ್ಮದ ಹಾಳೆಯದು, ಯಾವುದು ಹಳತು ಅಂತ ಗುರುತು ಹಾಕಿದ್ದಾರೆ. ಪುಸ್ತಕಗಳು ಹೋದವು, ಪಟ್ಟಿ ಉಳಿಯಿತು.

ಇನ್ನು ನೋವಿನ ವಿಷಯ. ದೇರ್ ಎಲ್-ಬಹ್ರಿಯ ಮಠದ ಇಟ್ಟಿಗೆ ಗೋಡೆಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಅಗೆಯಲು ಬಂದವರು ಕೆಡವಿ ತೆಗೆದರು, ಕೆಳಗಿನ ರಾಣಿಯ ದೇವಸ್ಥಾನ ಕಾಣಲಿ ಅಂತ. ಜೇಮೆ ಊರಿನ ಮನೆಗಳದೂ ಹೆಚ್ಚುಕಮ್ಮಿ ಅದೇ ಗತಿ. ಯಾವ ಬೋಕಿ ಯಾವ ಕೋಣೆಯಲ್ಲಿ, ಯಾವ ಮಗ್ಗದ ಪಕ್ಕದಲ್ಲಿ ಬಿದ್ದಿತ್ತು ಅಂತ ಬರೆದಿಟ್ಟುಕೊಂಡವರು ಕಮ್ಮಿ. ಎಷ್ಟೋ ಬೋಕಿಗಳು ವ್ಯಾಪಾರಿಗಳ ಕೈ ಸೇರಿ ಲಂಡನ್, ಬರ್ಲಿನ್, ನ್ಯೂಯಾರ್ಕ್ ಅಂತ ಹಂಚಿಹೋದವು. ಕಾಗದ ಒಂದು ಊರಿನಲ್ಲಿ, ಅದಕ್ಕೆ ಉತ್ತರ ಇನ್ನೊಂದು ದೇಶದಲ್ಲಿ. ಈಗ ಫೋಟೋಗಳು ಸಿಗುತ್ತಿರುವುದರಿಂದ ಒಂದೇ ಕೈಬರಹದ ಚೂರುಗಳನ್ನು ಹುಡುಕಿ ಜೋಡಿಸುವ ಕೆಲಸ ನಡೆಯುತ್ತಿದೆ, ಅದನ್ನು ಮಾಡುವವರ ತಾಳ್ಮೆಗೆ ಎಷ್ಟು ಕೈ ಮುಗಿದರೂ ಸಾಲದು. ಫೇರೋಗಳ ದೇವಸ್ಥಾನ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಗೋಡೆಗಳ ಮೇಲಿರುವ ರಾಜನ ಗೆಲುವಿನ ಮಾತು ಎಲ್ಲಾ ದೇವಸ್ಥಾನದಲ್ಲೂ ಸಿಗುತ್ತದೆ. ಬೇಜಾರಾದ ನೇಕಾರ, ಬಾಯಿಪಾಠ ಮಾಡುವ ಮೂವರು, ಆ ವಿಧವೆ, ಇವರು ಇನ್ನೆಲ್ಲೂ ಸಿಗೋದಿಲ್ಲ.

ನನ್ನ ಬೋಕಿಯ ಕತೆ ಹೇಳಿ ಮುಗಿಸುತ್ತೇನೆ. ಒಣಗಲಿ ಅಂತ ಹಿತ್ತಲಿನ ಕಟ್ಟೆಯ ಮೇಲೆ ಇಟ್ಟು ಮರೆತಿದ್ದೆ. ಮೊನ್ನೆ ಸಾಯಂಕಾಲ ಮಳೆ ಬಂತು. ನೆನಪಾಗಿ ಓಡಿಹೋಗಿ ನೋಡುವಷ್ಟರಲ್ಲಿ ಮಸಿ ಇಳಿದು ಕಟ್ಟೆಯೆಲ್ಲಾ ಕಪ್ಪಾಗಿತ್ತು. ಥೀಬ್ಸ್‌ನಲ್ಲಿ ಮಳೆ ಇಲ್ಲ ಅನ್ನುವಷ್ಟು ಕಮ್ಮಿ, ಅದಕ್ಕೇ ಫ್ರಂಗೆಯ ಅಕ್ಷರ ಇವತ್ತಿಗೂ ಓದಲು ಬರುತ್ತದೆ. ನನ್ನದರಲ್ಲಿ ಏಣುಗಳ ನಡುವಿನ ತಗ್ಗಿನಲ್ಲಿ ಎರಡು ಅಕ್ಷರ ಉಳಿದಿದ್ದವು. ಮಡಕೆಯ ಇನ್ನೂ ಏಳೆಂಟು ಚೂರು ಹಾಗೇ ಬಿದ್ದಿವೆ. ಈ ಸಲ ಗೋಂದು ಸ್ವಲ್ಪ ಜಾಸ್ತಿ ಹಾಕಿ ನೋಡುತ್ತೇನೆ.